ಷರಾ

ಕೈಯಲ್ಲಿ ವಾರಂಟು, ಚೀಲದಲ್ಲಿ ಅರಗು, ದಾರ,
ನಾಲ್ಕು ಹಾಳೆಗೆ ಮೂರು ಕಾರ್ಬನ್ನು.
ಹಾಸನದ ಸಿವಿಲ್ ಕೋರ್ಟಿನ ಅಮೀನ ನಾನು,
ಇಪ್ಪತ್ತಾರು ವರ್ಷ ಬಡವರ ಬಾಗಿಲೇ ತಟ್ಟಿದವನು.
ಈ ಬೆಳಿಗ್ಗೆ ಸರ್ಕಾರದ ಬಾಗಿಲು.
ಅದಕ್ಕೆ ಕದ ಇರಲಿಲ್ಲ, ಪರದೆಯಿತ್ತು.
ಪರದೆಯನ್ನು ತಟ್ಟುವುದು ಹೇಗೆ?
ಕೆಮ್ಮಿದೆ.

ಹಿಂದೆ ಡಿಕ್ರಿದಾರಳು, ಆಲೂರ ಕಡೆಯ ಹೊನ್ನಾಜಮ್ಮ.
ನಾಲೆಗೆ ಹೋದ ಒಂದೆಕರೆ ಏಳು ಗುಂಟೆಯ ಬಾಬ್ತು
ಹತ್ತೊಂಬತ್ತು ವರ್ಷದಿಂದ ಗೆಲ್ಲುತ್ತಲೇ ಇದ್ದಾಳೆ;
ಕೆಳಗಿನ ಕೋರ್ಟಲ್ಲಿ ಗೆದ್ದು, ಮೇಲಿನದರಲ್ಲೂ ಗೆದ್ದು,
ಬಸ್ ಚಾರ್ಜಿಗೆ ಮಾತ್ರ ಪ್ರತಿಸಲ ಸೋತು.
ಯಾವುದನ್ನು ಹಿಡಿಯಬೇಕೋ ಅವಳೇ ತೋರಿಸಬೇಕು.
ತೋರಿಸಮ್ಮ, ಎಂದೆ.
ಬೆರಳೆತ್ತಲಿಲ್ಲ, ಗದ್ದದಲ್ಲಿ ತೋರಿಸಿದಳು;
ಕುಂಬಳದ ಹೀಚಿಗೆ ಬೆರಳು ತೋರಿದರೆ
ಕೊಳೆಯುತ್ತದೆಂದು ಅಂಜುವವಳ ಹಾಗೆ.

ತಿರುಗುವ ಕುರ್ಚಿ ಒಂದು. ಮೇಲಿನ ಟವೆಲ್ಲಿಗೆ ಬೆಲೆ ಕಟ್ಟಿಲ್ಲ.
ಸ್ಟೀಲ್ ಕುರ್ಚಿ ಆರು, ಒಂದು ಕುಂಟು.
ಕಂಪ್ಯೂಟರ್ ಒಂದು. ಪ್ರಿಂಟರ್ ಒಂದು, ಶಾಯಿ ಇಲ್ಲ.
ಜೀಪು ಹೊರಗೆ ಹೋಗಿದೆ ಎಂದರು. ಎಲ್ಲಿಗೆಂದು ಹೇಳಲಿಲ್ಲ.
ಸಾಹೇಬರು ಎದ್ದು ನಿಂತರು.
ಚಿಕ್ಕ ವಯಸ್ಸು, ಒಳ್ಳೆಯವರೇ,
ಈ ಬಾಕಿ ಅವರು ಹೈಸ್ಕೂಲು ಸೇರುವ ಮೊದಲಿನದು.
ಇನ್ನೊಂದು ವಾರ ಕೊಡಿ, ಎಂದರು.
ವಾರಂಟಿನಲ್ಲಿ ವಾರ ಇಲ್ಲ ಸಾರ್, ಎಂದೆ.
ಹಾಗೆನ್ನುವಾಗ ಮೊಣಕಾಲು ನಡುಗಿದ್ದು
ಪ್ಯಾಂಟಿಗಷ್ಟೇ ಗೊತ್ತು.
ಅವರ ಕಾಗದದ ನೆತ್ತಿಯಲ್ಲಿ ಗಂಡಭೇರುಂಡ,
ನನ್ನ ಸಂಬಳದ ಚೀಟಿಯಲ್ಲೂ ಅದೇ:
ಒಂದೇ ಒಡಲು, ತಲೆ ಎರಡು.
ಒಂದು ಮಂಪರಿಗೆ ಜಾರಿದರೆ ಇನ್ನೊಂದು ಕುಕ್ಕಲೆಂದೇ
ಇಟ್ಟರೋ ಏನೋ, ಇಟ್ಟವರು.

ಗೋಡೆಯ ಮೇಲೊಂದು ಚೌಕಟ್ಟು, ಒಳಗೆ ಸಂವಿಧಾನದ ಪೀಠಿಕೆ.
ಪಟ್ಟಿಗೆ ಸೇರಿಸಲೇ?
ಮೊಳೆಯಿಂದ ಇಳಿಸಿದರೆ ಅದೂ ಚರಸ್ವತ್ತೇ.
ಓದಯ್ಯ, ಎಂದಳು ಹೊನ್ನಾಜಮ್ಮ.
ಓದಿದೆ. ನ್ಯಾಯ, ಸ್ವಾತಂತ್ರ್ಯ, ಸಮಾನತೆ.
ಮೊರದಲ್ಲಿ ಕಲ್ಲು ಹುಡುಕುವವಳಂತೆ ಕೇಳಿಸಿಕೊಂಡಳು.
"ಕೆಳಗೆ ಯಾರ ರುಜು ಅದೆ?"
ಯಾರದೂ ಇಲ್ಲಮ್ಮ. ನಮಗೆ ನಾವೇ ಕೊಟ್ಟುಕೊಂಡದ್ದಂತೆ.
"ಕೊಟ್ಟೋರೂ ನಾವೆ, ಈಸ್ಕಂಡೋರೂ ನಾವೆ?
ಹಂಗಾರೆ ನನ್ನ ರಶೀತಿ ಎಲ್ಲೋಯ್ತು?"
ಜವಾನ ನಕ್ಕ.
ಸಾಹೇಬರು ನಗಲಿಲ್ಲ.

ಕಾನೂನು ಕೆಲವನ್ನು ಮುಟ್ಟಗೊಡುವುದಿಲ್ಲ:
ಉಟ್ಟ ಬಟ್ಟೆ, ಬೇಯಿಸುವ ಪಾತ್ರೆ, ಕೊರಳ ತಾಳಿ,
ಕಸುಬುದಾರನ ಹತಾರ.
ಬೇಲೂರಿನಲ್ಲೊಮ್ಮೆ ಕ್ಷೌರದಂಗಡಿ ಜಪ್ತಿಗೆ ಹೋಗಿ
ರೇಡಿಯೊ ಹೊತ್ತು ತಂದೆ, ಕತ್ತಿ ಬಿಟ್ಟು ಬಂದೆ.
ಈ ಕೋಣೆಯಲ್ಲಿ ಸರ್ಕಾರದ ಹತಾರ ಯಾವುದು?
ಯಾವುದನ್ನು ಒಯ್ದರೆ ಅದರ ಕಸುಬು ನಿಲ್ಲುತ್ತದೆ?
ಕುರ್ಚಿ ಅಂದುಕೊಂಡಿದ್ದೆ ಇಷ್ಟು ದಿನ.
ಇಬ್ಬರು ಸೇರಿ ಎತ್ತಿದೆವು. ಚಕ್ರವಿದ್ದೂ ಎಷ್ಟು ಭಾರ!
ಎತ್ತಿದ ಮೇಲೂ ಜವಾನ ಫೈಲು ತಂದ,
ಸಾಹೇಬರು ಕಿಟಕಿಯ ಕಟ್ಟೆಗೆ ಕಾಗದ ಆನಿಸಿ
ಯಾರದೋ ಖಾತೆ ತಕರಾರಿಗೆ
ನಿಂತೇ ರುಜು ಹಾಕಿದರು.
ನಾನು ಚೌಕಟ್ಟಿನ ಕಡೆ ಇನ್ನೊಮ್ಮೆ ನೋಡಿದೆ.

ಗೂಡ್ಸ್ ಆಟೊ ಬಿ.ಎಂ. ರಸ್ತೆಗೆ ಹೊರಳಿತು.
ಕುರ್ಚಿ ಮೇಲೇ ಕೂತ್ಕೊಳ್ಳಜ್ಜಿ, ಎಂದ ಡ್ರೈವರ್ ಹುಡುಗ.
"ಬ್ಯಾಡ ಕಣಪ್ಪ. ಅವರದೂ ಅಲ್ಲ, ನಂದೂ ಅಲ್ಲ ಈಗ."
ತಳದಲ್ಲಿ ಕೂತು ಅದರ ಕಾಲು ಹಿಡಿದುಕೊಂಡಳು,
ಉರುಳದಿರಲೆಂದು.
ಹೇಮಾವತಿ ಪ್ರತಿಮೆ ದಾಟುವಾಗ
ಸೆರಗು ತಲೆಗೆಳೆದುಕೊಂಡಳು.
ನಮಸ್ಕಾರಕ್ಕೋ ಬಿಸಿಲಿಗೋ, ಕೇಳಲಿಲ್ಲ.

ಸಂಜೆ ಪಟ್ಟಿ ಒಪ್ಪಿಸುವ ಮೊದಲು
ಕೊನೆಯ ಸಾಲು ಖಾಲಿಯಿತ್ತು. ಬರೆದೆ:
ಚೌಕಟ್ಟು ಒಂದು, ಜಪ್ತಿ ಮಾಡಿಲ್ಲ.
ಬೆಲೆಯ ಕಾಲಮ್ಮಿಗೆ ಗೀಟೆಳೆದೆ.
ಷರಾ: ಗಾಜು ಸೀಳಿದೆ. ಅಕ್ಷರ ಓದಲು ಬರುತ್ತವೆ.